ಕಣ್ಣಲ್ಲಿ ಹೊಲಿದ ಹೊಲಿಗೆ

ಆಸ್ಪತ್ರೆಯ ಊಟದ ಕೋಣೆ
ಮಂಗಳವಾರ, ೧೧ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಕ್ಕ, ಅವಳ ಕೂಸು ಚೆನ್ನಾಗಿದ್ದಾರೆ ತಾನೆ? ಅಕ್ಕನ ಹೆರಿಗೆಗೆಂದು ಹೋದವಳು ಹೊಲಿಗೆ ಯಂತ್ರವನ್ನೂ ಹೊತ್ತುಕೊಂಡು ಹೋಗಿದ್ದೀಯ. ಇಷ್ಟರಲ್ಲಿ ಆ ಮಗುವಿಗೆ ಹತ್ತು ಅಂಗಿಯಾದರೂ ಆಗಿರಬೇಕು.

ನಾನಂತೂ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಕಾಗದವನ್ನೇ ಮೂರು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ಮಾತು ಹಾರಿಸುವುದರಲ್ಲಿ ನೀನು ನಿಸ್ಸೀಮಳು. ಮೊದಲು ಸುದ್ದಿ ಕೇಳು: ರೋಬೋಟ್ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿ ಇವತ್ತು ಪಾಸಾದೆ. ರೋಬೋಟ್ ಅಂದರೆ ತಾನಾಗಿಯೇ ಕೊಯ್ಯುವ ಭೂತವಲ್ಲ, ಹೆದರಬೇಡ. ರೋಗಿ ಅಲ್ಲಿ ಮಲಗಿದ್ದರೆ ನಾನು ಕೋಣೆಯ ಮೂಲೆಯಲ್ಲಿ ಪರದೆ ನೋಡುತ್ತ ಕೂತಿರುತ್ತೇನೆ. ನನ್ನ ಬೆರಳು ಆಡಿದಂತೆ ಯಂತ್ರದ ತೋಳು ಆಡುತ್ತದೆ. ಕೈ ನಡುಗಿದರೂ ಅದು ನಡುಗುವುದಿಲ್ಲ. ಆದರೆ ನಮ್ಮ ಯಂತ್ರದಲ್ಲಿ ದಾರ ಎಷ್ಟು ಬಿಗಿಯಾಯಿತೆಂದು ಬೆರಳಿಗೆ ಗೊತ್ತೇ ಆಗುವುದಿಲ್ಲ! ಮೊದಲ ವಾರ ಅಭ್ಯಾಸದ ರಬ್ಬರ್ ತುಂಡಿನ ಮೇಲೆ ಗಂಟು ಹಾಕಲು ಹೋಗಿ ಹದಿನೇಳು ದಾರ ಕಡಿದೆ. ಟೈಲರಮ್ಮನ ಮಗಳಿಗೆ ಇದಕ್ಕಿಂತ ಅವಮಾನ ಬೇಕೇ? "ಕಣ್ಣು ಮುಚ್ಕೊಂಡು ಎಳಿ, ಸಾಕು ಅಂತ ದಾರಾನೇ ಹೇಳುತ್ತೆ" ಎಂದು ನೀನು ಕಲಿಸಿದ್ದು ಇಲ್ಲಿ ನಡೆಯಲಿಲ್ಲ. ನಮ್ಮ ದೊಡ್ಡ ಡಾಕ್ಟರು, "ಬೆರಳನ್ನ ಮರೆತುಬಿಡಮ್ಮ, ಕಣ್ಣಲ್ಲಿ ಹೊಲಿ. ಅಂಚು ಸುಕ್ಕಾಯ್ತಾ ನೋಡು, ಅಲ್ಲೇ ನಿಲ್ಸು" ಅಂದರು. ಹಾಗೇ ಕತ್ತು ಚಾಚಿ, ರೆಪ್ಪೆ ಬಡಿಯದೆ ನೋಡಿ ನೋಡಿ ಕಲಿತೆ. ನಿನ್ನೆ ನಾನು ಹಾಗೆ ಕೂತಿದ್ದಾಗ ನರ್ಸಮ್ಮ ಫೋಟೊ ತೆಗೆದು, "ನೋಡಿ ಡಾಕ್ಟ್ರೇ, ಥೇಟ್ ಆಮೆ!" ಎಂದು ನಕ್ಕರು. ಎಲ್ಲರೂ ನಕ್ಕರು. ನನಗೆ ಮಾತ್ರ ಆಗಿನಿಂದ ಊಟ ಸೇರುತ್ತಿಲ್ಲ.

ಭಾವ ಸಂಜೆ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಕೂಸಿಗೆ ಚಿಕ್ಕಮ್ಮನ ಮುತ್ತು ಕೊಡು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಪಾದರಸ

ತಾ.ಕ.: ಅಮ್ಮಾ, ಆ ಫೋಟೊದಲ್ಲಿ ನನಗೆ ಕಂಡದ್ದು ನೀನು. ಅಕ್ಕನ ಊರಿಗೆ ಹೊರಡುವ ಮುಂಚೆ ಗುಂಡಿ ಹೊಲಿಯುವಾಗ ನೀನೂ ಹೀಗೇ ಕತ್ತು ಚಾಚಿ ದಾರವನ್ನೇ ನೋಡುತ್ತಿದ್ದೆ. ಕನ್ನಡಕ ಬದಲಿಸಬೇಕು ಅಂದೆ ನೀನು, ನಾನು ನಂಬಿದೆ. ಇಸ್ತ್ರಿಪೆಟ್ಟಿಗೆ ತಾಗಿ ಬೆರಳಲ್ಲಿ ಗುಳ್ಳೆ ಎದ್ದದ್ದು ನಾನು ತೋರಿಸಿದ ಮೇಲಷ್ಟೇ ನಿನಗೆ ತಿಳಿಯಿತು. ಡಾಕ್ಟರಾಗಿಯೂ ನನಗೆ ಹೊಳೆಯಲಿಲ್ಲವಲ್ಲ! ಬೆರಳು ಜೋಮು ಹಿಡಿದು ಎಷ್ಟು ದಿನವಾಯಿತು? ಹೊಲಿಗೆ ಬಿಡಿಸುತ್ತೇನೆಂದು ಮುಚ್ಚಿಟ್ಟೆಯಾ? ಬಿಡಿಸುವುದಿಲ್ಲ. ಶನಿವಾರ ಬಂದು ಪರೀಕ್ಷೆಗೆ ಕರೆತರುತ್ತೇನೆ. ಮಗುವಿನ ಸ್ನಾನದ ನೀರನ್ನು ಇನ್ನು ಅಕ್ಕನೇ ಮುಟ್ಟಿ ನೋಡಬೇಕು ಎಂದು ಅವಳಿಗೆ ಈಗಷ್ಟೇ ಫೋನಿನಲ್ಲಿ ಹೇಳಿದೆ. ಕಾರಣ ಹೇಳಿಲ್ಲ. ಅದನ್ನು ಇವತ್ತೇ ನೀನೇ ಅವಳಿಗೆ ಹೇಳು.