ಏಣಿಯಿಲ್ಲದೆ ಹತ್ತುವ ವಿದ್ಯೆ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯ ಹೈಕೋರ್ಟಿಗೆ,

ನಾನು ಚೆನ್ನಾಗಿದ್ದೇನೆ. ಅಡುಗೆ ಒಂದು ದಿನ ಹಸಿ, ಒಂದು ದಿನ ಸೀದದ್ದು, ಆದರೂ ಜೀವ ಗಟ್ಟಿಯಿದೆ. ನೀನು ನಿನ್ನ ಅಕ್ಕನ ಮನೆಯಲ್ಲಿ ಸುಖವಾಗಿದ್ದೀಯ ಎಂದು ನಂಬಿದ್ದೇನೆ. ಈ ಪತ್ರವನ್ನು ಷಡ್ಡಕರ ಎದುರು ಮಾತ್ರ ಓದಬೇಡ. ಅವರು ನಗಲು ಶುರು ಮಾಡಿದರೆ ಊಟಕ್ಕೆ ಕರೆದರೂ ನಿಲ್ಲಿಸುವುದಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ಎರಡನೇ ಮಾತಿಗೇ ನಾನು ಜಗಳ ತೆಗೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ನಾನು ಡ್ರೋನ್ ಹಾರಿಸುವ ಲೈಸೆನ್ಸಿಗೆ ಓದುತ್ತಿದ್ದೇನೆ. ಶೋಕಿಗಲ್ಲ, ಅದರಿಂದಲೇ ದುಡಿದು ತಿನ್ನುವ ಲೈಸೆನ್ಸು.

ಏಣಿ ಹಿಡಿದು ಕೆಳಗೆ ನಿಂತಿದ್ದ ನಿನ್ನ ಕಣ್ಣೆದುರೇ ಕಾರ್ಖಾನೆಯ ಛಾವಣಿಯಿಂದ ಬಿದ್ದೆ. ಕಾಲಿನ ಪಟ್ಟಿ ಬಿಚ್ಚಿದ ದಿನವೇ ಮತ್ತೆ ಏಣಿ ಹೊತ್ತೆ. ಏಣಿ ಬೇಕೋ ನಾನು ಬೇಕೋ ಅಂತ ಕೇಳಿ ನೀನು ಬಾಗಿಲು ದಾಟಿದೆ. ನನಗೂ ಸಿಟ್ಟು ನೆತ್ತಿಗೇರಿತ್ತು. ಸೋರುವ ಛಾವಣಿಯಲ್ಲಿ ಬಿರುಕು ಹುಡುಕುವುದು ಬಿಟ್ಟರೆ ನನಗೆ ಬೇರೆ ಯಾವ ಕಸುಬು ಗೊತ್ತು? ಹತ್ತದಿದ್ದರೆ ಒಲೆ ಉರಿಯುವುದಿಲ್ಲ, ಹತ್ತಿದರೆ ನೀನು ಬರುವುದಿಲ್ಲ. ಹೀಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಬೀದಿ ಕೊನೆಯ ಗೋದಾಮಿನ ಮೇಲೆ ಒಂದು ಡ್ರೋನ್ ಸುತ್ತು ಹಾಕಿ, ನಾನು ಅರ್ಧ ದಿನ ತೆವಳಿ ನೋಡುವುದನ್ನೆಲ್ಲ ಫೋಟೋ ಹಿಡಿದು ಇಳಿಯಿತು. ಮೊದಲು ಹೊಟ್ಟೆ ಉರಿಯಿತು. ಮರುದಿನ ಹೋಗಿ ತರಗತಿಗೆ ಸೇರಿಕೊಂಡೆ.

ಜೊತೆಗಿರುವವರೆಲ್ಲ ಈಗಷ್ಟೇ ಮೀಸೆ ಚಿಗುರಿದವರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಮೇಷ್ಟ್ರೇ ಬಂದರು ಎಂದು ಎದ್ದು ನಿಂತರು! ಕಲಿಸುವವಳೋ, ನನ್ನ ಅರ್ಧ ವಯಸ್ಸಿನ ಹುಡುಗಿ. ಗಾಳಿ, ಮೋಡ, ಬ್ಯಾಟರಿ, ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಿದರೆ ಪೊಲೀಸರು ಬರುತ್ತಾರೆ, ಎಲ್ಲವೂ ಕಬ್ಬಿಣದ ಕಡಲೆ. ಹಾರಿಸಬಹುದಾದ ಜಾಗಗಳ ನಕ್ಷೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡಿದೆ. ಬರೆಯುವ ಪರೀಕ್ಷೆ ಪಾಸಾಯಿತು. ಎಷ್ಟು ಅಂಕ ಅಂತ ಕೇಳಬೇಡ, ಪಾಸು ಅಂದರೆ ಪಾಸು.

ಹಾರಿಸುವ ಕಷ್ಟವೇ ಬೇರೆ. ಡ್ರೋನಿನ ಮೂತಿ ಆಚೆಗಿದ್ದಾಗ ಎಲ್ಲ ಸಸೂತ್ರ. ನನ್ನ ಕಡೆ ತಿರುಗಿತೋ, ಅದರ ಎಡ ನನ್ನ ಬಲವಾಗುತ್ತದೆ. ದಿಕ್ಕು ತಪ್ಪಿದರೆ ರಿಮೋಟಿನ ಕಡ್ಡಿಗಳಿಂದ ಎರಡೂ ಹೆಬ್ಬೆರಳು ಎತ್ತಿಬಿಡಿ ಸಾರ್, ಅದು ಇದ್ದಲ್ಲೇ ನಿಲ್ಲುತ್ತೆ ಅಂತ ಹುಡುಗಿ ಹೇಳಿಯೇ ಇದ್ದಳು. ಬಿಡುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತಲ್ಲ. ಒತ್ತಿದೆ, ಇನ್ನೂ ಒತ್ತಿದೆ. ಅದು ಹೋಗಿ ತರಬೇತಿ ಕಟ್ಟಡದ ಛಾವಣಿಯಲ್ಲಿ, ನೀರಿನ ತೊಟ್ಟಿಯ ಹಿಂದೆ ಬಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಅದನ್ನು ಕೆಳಗಿಳಿಸಲಾಯಿತು. ಒಂದು ರೆಕ್ಕೆ ಮುರಿದಿತ್ತು, ಅಷ್ಟೇ.

ಅಂದಿನಿಂದ ಬೆರಳು ಎತ್ತುವುದನ್ನು ಕಲಿತಿದ್ದೇನೆ. ಈಗ ಗಾಳಿಯಲ್ಲಿ ಎಂಟರ ಆಕಾರ ಬಿಡಿಸುತ್ತೇನೆ, ಸ್ವಲ್ಪ ಸೊಟ್ಟ.

ಬರುವ ಶುಕ್ರವಾರ ಹಾರಿಸುವ ಪರೀಕ್ಷೆ. ಪಾಸಾದರೆ ಗೋದಾಮಿನವರು ಕೆಲಸ ಕೊಡುತ್ತಾರಂತೆ. ಬಿರುಕು ತೋರಿಸುವುದಷ್ಟೇ ನನ್ನ ಪಾಲು, ಹತ್ತಿ ಮುಚ್ಚುವವರು ಬೇರೆ. ಹಾರಿಸುವವನು ಪರದೆ ನೋಡುವಾಗ, ಪಕ್ಕದಲ್ಲೊಬ್ಬರು ಡ್ರೋನಿನಿಂದ ಕಣ್ಣು ಕೀಳದೆ ನಿಂತು, ತಂತಿ ಇದೆ, ಹಕ್ಕಿ ಬಂತು ಅಂತ ಕೂಗಬೇಕು. ಆ ಜನವನ್ನು ನಾವೇ ಕರೆತರಬಹುದಂತೆ. ಕತ್ತೆತ್ತಿ ನೋಡುತ್ತಾ ನನ್ನ ಮೇಲೆ ಕೂಗುವುದರಲ್ಲಿ ನಿನಗಿಂತ ಪಳಗಿದವರು ಯಾರಿದ್ದಾರೆ? ಬರುತ್ತೀಯಾ? ನೀನಿಲ್ಲದೆ ನನಗೆ ಆಗುತ್ತಿಲ್ಲ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ತೀರ್ಪಿಗೆ ಕಾದಿರುವ,
ನಿನ್ನ ಮೊಂಡ

ತಾ.ಕ.: ಡ್ರೋನ್ ಇಳಿಸಿದ್ದು ಯಾರು ಅಂತ ನೀನು ಕೇಳದೆ ಬಿಡುವವಳಲ್ಲ. ನಾನೇ. ಹುಟ್ಟುಗುಣ ಸುಟ್ಟರೂ ಹೋಗದು. ಯಾರಾದರೂ ಬಾಯಿ ತೆರೆಯುವ ಮೊದಲೇ ನೀರಿನ ಪೈಪು ಹಿಡಿದು ಹತ್ತಿಬಿಟ್ಟಿದ್ದೆ. ಇಳಿಯುವಾಗ ನಡುವೆ ಕಾಲು ಜಾರಿತು. ಪೈಪನ್ನು ತಬ್ಬಿಕೊಂಡು ಸುಮಾರು ಹೊತ್ತು ನಿಂತು, ಹೇಗೋ ಇಳಿದೆ. ಆ ಹುಡುಗಿ ಬೈಯಲಿಲ್ಲ. ಒಂದು ಲೋಟ ನೀರು ತಂದಳು. ಅವಳ ಕೈ ಗಡಗಡ ನಡುಗಿ ಅರ್ಧ ನೀರು ನನ್ನ ಅಂಗಿಯ ಮೇಲೆ ಚೆಲ್ಲಿತು. ಇಷ್ಟು ವರ್ಷ ನಾನು ಇಳಿದು ಬಂದಾಗಲೆಲ್ಲ ನೀನೂ ನೀರು ಕೊಡುತ್ತಿದ್ದೆ. ನಿನ್ನ ಕೈ ಕಡೆ ನಾನು ಒಮ್ಮೆಯೂ ನೋಡಲಿಲ್ಲ ಕಣೇ.