ಕ್ಯಾಮೆರಾಗೆ ಇಟ್ಟ ಬೊಟ್ಟು

ಅರಸೀಕೆರೆ
ಗುರುವಾರ, 12 ಫೆಬ್ರವರಿ 2026

ಪ್ರೀತಿಯ ದೊಡ್ಡಮ್ಮ,

ಮಾದಿಹಳ್ಳಿಯ ಮನೆ, ಕೊಟ್ಟಿಗೆ, ನಿನ್ನ ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಾ ನಿನ್ನ ತಂಗಿಯ ಮಗಳು ನಯನಾಳ ನಮಸ್ಕಾರ. ಫೋನು ಇರುವಾಗ ಕಾಗದ ಯಾಕೆ ಬರೆದಳೋ ಎಂದು ಗಾಬರಿಯಾಗಬೇಡ, ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕದೆ ಫೋನಿನಲ್ಲಿ ಮಾತಾಡುವ ಪದ್ಧತಿಯೇ ಇಲ್ಲ. ಈ ವಿಷಯ ಜಗಲಿಯಲ್ಲಿ ಕೂತ ದೊಡ್ಡಪ್ಪನ ಕಿವಿಗೆ ಬೀಳಬಾರದು. ಅಂಚೆಗೆ ಹಾಕಿದರೂ ಮೊದಲು ಒಡೆಯುವವರು ಅವರೇ. ಅದಕ್ಕೇ ನಿಮ್ಮೂರ ಬೋರಮ್ಮನ ಕೈಲಿ ಕಳಿಸುತ್ತಿದ್ದೇನೆ, ನೀನು ಡೈರಿಗೆ ಹಾಲು ಹಾಕಲು ಬಂದಾಗ ಕೊಡುತ್ತಾಳೆ. ಒಬ್ಬಳೇ ಇದ್ದಾಗ ಓದು.

ನಾನು ನಿನಗೆ ಮೋಸ ಮಾಡಿದ್ದೇನೆ. ಸುತ್ತಿ ಬಳಸಿ ಹೇಳಲು ಕೂತರೆ ಧೈರ್ಯ ಹೋಗುತ್ತದೆ, ಅದಕ್ಕೆ ಮೊದಲೇ ಬರೆದುಬಿಟ್ಟೆ.

ಹಳೇಬೀಡಿನಲ್ಲಿ ಷಡಕ್ಷರಪ್ಪನವರ ಕೊಬ್ಬರಿ ಅಟ್ಟದ ಕೆಳಗೆ ಹದಿನೈದು ದಿನ ಪ್ರಾಕ್ಟೀಸು ಮಾಡಿದೆವಲ್ಲ. ಹತ್ತು ನಿಮಿಷದ ಸಿನಿಮಾ, ನಾನು ಕೆಲಸ ಮಾಡುವ ಸ್ಟುಡಿಯೋದಿಂದ ತಂದ ಮದುವೆ ವಿಡಿಯೋ ಕ್ಯಾಮೆರಾ, ಜನ್ಮದಲ್ಲಿ ಬಣ್ಣ ಹಚ್ಚದ ನಟರು. ಷಡಕ್ಷರಪ್ಪನವರೊಬ್ಬರೇ ಬಣ್ಣ ಹಚ್ಚಿದವರು, ಅದೇ ಪೀಕಲಾಟವಾಯಿತು. ಊರ ನಾಟಕದಲ್ಲಿ ಮೂವತ್ತು ವರ್ಷ ದುರ್ಯೋಧನನಾದ ಮನುಷ್ಯ, "ಕಾಫಿ ಕೊಡು" ಅನ್ನುವುದನ್ನೂ ತೊಡೆ ತಟ್ಟಿಯೇ ಹೇಳುತ್ತಿದ್ದರು. ಹೇಳಿ, ಹಾರ್ಮೋನಿಯಂ ಬರಲೆಂದು ಕಾಯುತ್ತಿದ್ದರು. ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಆದರೆ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ನೀನೂ ಗ್ರೂಪ್ ಫೋಟೋಗೆ ನಿಂತವಳಂತೆ ಸೆಟೆದುಕೊಳ್ಳುತ್ತಿದ್ದೆ. ಮನೆ ಬಿಟ್ಟು ಹೋದ ಮಗಳು ವರ್ಷಗಳ ಮೇಲೆ ಬಂದಾಗ ತಾಯಿ "ಯಾವಾಗ್ ಬಂದೆ, ಉಂಡ್ಯಾ" ಅನ್ನಬೇಕು, ಇಷ್ಟೇ. ಮಗಳ ಪಾತ್ರದ ಇಂದು, ಪಾಪ, ಹನ್ನೆರಡು ಸಲ ಹೊಸಿಲು ದಾಟಿ ಬಂದಳು. ಹನ್ನೆರಡು ಸಲವೂ ನೀನು ಅವಳನ್ನು ಬಿಟ್ಟು ಆ ದೀಪವನ್ನೇ ಮಾತಾಡಿಸಿದೆ.

ಆಗ ನನಗೊಂದು ಬುದ್ಧಿ ಓಡಿತು. ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ದೀಪದ ಮೇಲೆ ಅಂಟಿಸಿದೆ. "ಕ್ಯಾಮೆರಾ ಆಫ್ ಮಾಡಿದ್ದೀನಿ ದೊಡ್ಡಮ್ಮ, ಬರೀ ಪ್ರಾಕ್ಟೀಸು, ಬಾಯಿಗೆ ಬಂದಿದ್ದು ಮಾತಾಡು" ಎಂದೆ. ಕ್ಯಾಮೆರಾ ಆಫ್ ಆಗಿರಲಿಲ್ಲ.

ನೀನು ಇಂದುವಿನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. ಆಮೇಲೆ ನಿನ್ನ ಬಾಯಿಂದ ಬಂದದ್ದು ನಾನು ಬರೆದ ಮಾತಲ್ಲ.

"ತಿಂಗ್ಳಿಗೊಂದ್ ಶನಿವಾರ ಮಾಲೇಕಲ್ಲಿಗೆ ಹರಕೆ ಐತೆ ಅಂತ ಸುಳ್ ಯೋಳಿ ಬತ್ತೀನಿ ಕಣವ್ವ. ಆರ್ ವರ್ಸ ಆಯ್ತು, ಒಂದ್ ದಿನಾನೂ ಬೆಟ್ಟ ಹತ್ತಿಲ್ಲ. ಮೆಟ್ಲ ಬುಡದಲ್ಲೇ ನಿನ್ ಮುಖ ನೋಡ್ಕಂಡು ವಾಪಸ್ ಹೊಂಟೋಯ್ತೀನಿ. ನಿಮ್ಮಪ್ಪ ದೇವ್ರಿಗೆ ಅಂತ ಕೊಟ್ ಕಾಯ್ನ ನಿನ್ ಚೀಲಕ್ಕೆ ಹಾಕ್ತೀನಿ. ಸ್ವಾಮಿ ಏನಂದ್ಕಂತಾನೋ ಏನೋ."

ಇಂದು ಬಿಕ್ಕಿ ಬಿಕ್ಕಿ ಅತ್ತಳು. ನೀನು ಮೂಗೊರೆಸಿಕೊಂಡು ನನ್ನ ಕಡೆ ತಿರುಗಿ, "ಪ್ರಾಕ್ಟೀಸಲ್ವಾ, ಏನೋ ಅಂದ್ಬಿಟ್ಟೆ. ನಿಮ್ ದೊಡ್ಡಪ್ಪಂಗೆ ಯೋಳ್ಬ್ಯಾಡ ಕಣೇ" ಎಂದೆ. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಬೇರೆ ಜಾತಿಯ ಹುಡುಗನನ್ನು ಮದುವೆಯಾದಳೆಂದು ಸ್ವಾತಿ ಅಕ್ಕನ ಹೆಸರನ್ನೇ ದೊಡ್ಡಪ್ಪ ಆ ಮನೆಯಲ್ಲಿ ಎತ್ತಗೊಡುವುದಿಲ್ಲ. ಹೆತ್ತ ಮಗಳನ್ನು ನೀನು ಕದ್ದು ನೋಡುತ್ತಿದ್ದೀಯೆಂದು ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಗುಟ್ಟು ನೀನು ಬಿಚ್ಚಿಟ್ಟ ಗಳಿಗೆಯಲ್ಲಿ ನಾನು ಏನು ಯೋಚಿಸಿದೆ ಗೊತ್ತಾ? ಫೋಕಸ್ ಸರಿಯಾಗಿದೆಯಾ ಅಂತ. ಆಣೆಗೂ ಅಷ್ಟೇ ಯೋಚಿಸಿದೆ.

ಮರುದಿನ 'ನಿಜವಾದ ಶೂಟಿಂಗ್' ಎಂದು ನಿನ್ನಿಂದ ಮತ್ತೆ "ಉಂಡ್ಯಾ" ಅನ್ನಿಸಿದೆನಲ್ಲ, ಅದು ಸುಮ್ಮನೆ ನಿನ್ನ ಸಮಾಧಾನಕ್ಕೆ. ಸಿನಿಮಾಕ್ಕೆ ಸೇರಿಸಿದ್ದು ಕದ್ದದ್ದನ್ನೇ. ಎಡಿಟ್ ಮಾಡುವ ಚೇತನ್‌ಕುಮಾರ್ ನೋಡಿ, ಇದೊಂದು ಶಾಟ್ ಸಾಕು, ಮಿಕ್ಕಿದ್ದೆಲ್ಲ ಬಿಸಾಕಿದರೂ ನಡೆಯುತ್ತದೆ ಎಂದ. ನಾನು ಉಬ್ಬಿಹೋದೆ.

ಇನ್ನೂ ಇದೆ ದೊಡ್ಡಮ್ಮ. ಸೋಮವಾರ ಅರಸೀಕೆರೆಗೆ ಕೊಬ್ಬರಿ ಹಾಕಲು ಬಂದಿದ್ದ ದೊಡ್ಡಪ್ಪ ಹಾಗೇ ಸ್ಟುಡಿಯೋಗೆ ಬಂದರು. "ನಿಮ್ ದೊಡ್ಡಮ್ಮ ಹೆಂಗ್ ಮಾಡವ್ಳೆ, ತೋರ್ಸವ್ವ" ಎಂದರು. ಆ ಮಾರನೆಯ ದಿನದ "ಉಂಡ್ಯಾ" ಶಾಟನ್ನು ತೋರಿಸಿ ಕಳಿಸಬಹುದಿತ್ತು. ನಾನು ಕದ್ದ ಶಾಟನ್ನೇ ಹಾಕಿದೆ. ಕೈತಪ್ಪಿ ಆಯಿತು ಅಂತ ಬರೆಯೋಣ ಎಂದುಕೊಂಡಿದ್ದೆ. ಕೈತಪ್ಪಲಿಲ್ಲ. ಅಂಥ ಕಲ್ಲು ಮನುಷ್ಯನ ಕಣ್ಣಲ್ಲೂ ನನ್ನ ಸಿನಿಮಾ ನೀರು ತರಿಸುತ್ತದೋ ಇಲ್ಲವೋ ನೋಡಬೇಕೆನ್ನಿಸಿತು. ನಿನಗೆ ಕೊಟ್ಟ ಮಾತಿಗಿಂತ ಆ ಚಪಲವೇ ಹೆಚ್ಚಾಯಿತು.

ಮುಗಿದ ಮೇಲೆ ಅವರು ಹೆಗಲ ಟವೆಲನ್ನು ತೊಡೆ ಮೇಲಿಟ್ಟುಕೊಂಡು ಕೂತರು. ನಿನ್ನ ಗುಟ್ಟು ಬಯಲಾಯಿತೆಂದು ಆಗ ಹೆದರಿದೆ. ಆ ಮಾತೆಲ್ಲ ನಾನೇ ಬರೆದದ್ದು, ದೊಡ್ಡಮ್ಮ ಬಾಯಿಪಾಠ ಮಾಡಿ ಒಪ್ಪಿಸಿದ್ದು ಎಂದುಬಿಟ್ಟೆ. ಅವರು ಎದ್ದು ಹೋದರು. ಸದ್ಯ, ನಿನ್ನನ್ನು ಉಳಿಸಿದೆ ಎಂದುಕೊಂಡೆ.

ಆ ಶಾಟನ್ನು ಸಿನಿಮಾದಿಂದ ತೆಗೆದಿದ್ದೇನೆ. ಅದು ಇದ್ದ ಮೆಮೊರಿ ಕಾರ್ಡು ಈ ಲಕೋಟೆಯಲ್ಲೇ ಇದೆ, ಬೇರೆ ಎಲ್ಲ ಕಡೆ ಅಳಿಸಿಯಾಯಿತು. ಒಲೆಗೆ ಹಾಕು, ಇಲ್ಲವೇ ಇಟ್ಟುಕೋ, ಅದು ನಿನ್ನದು. ಈಗ ಸಿನಿಮಾದಲ್ಲಿ ನೀನು ಸೆಟೆದು ನಿಂತು "ಉಂಡ್ಯಾ" ಅನ್ನುತ್ತೀಯ. ಚೇತನ್ ಮುಖ ಊದಿಸಿಕೊಂಡಿದ್ದಾನೆ, ಊದಿಸಿಕೊಳ್ಳಲಿ. ಬೊಟ್ಟು ಮಾತ್ರ ಇನ್ನೂ ಕ್ಯಾಮೆರಾದ ಮೇಲೆಯೇ ಇದೆ, ಕೀಳಲು ಕೈ ಬರುತ್ತಿಲ್ಲ. ನನ್ನನ್ನು ಬೈಯಿ, ಬೇಕಾದರೆ ನಾಲ್ಕು ಬಾರಿಸು, ಮಾತು ಮಾತ್ರ ಬಿಡಬೇಡ.

ನಿನ್ನ ನಂಬಿಕೆ ಕೆಡಿಸಿದ ಮಗಳು,
ನಯನಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದೊಡ್ಡಪ್ಪ ಸುಮ್ಮನೆ ಎದ್ದು ಹೋಗಲಿಲ್ಲ. ನಾನು ಸುಳ್ಳು ಹೇಳುವ ಮೊದಲು ಅವರೊಂದು ಮಾತು ಕೇಳಿದ್ದರು: "ಹಂಗಾರೆ ಆ ಕಾಯೆಲ್ಲ ಸ್ವಾತಿ ತಿಂದವ್ಳಾ?" ಅವರಿಗೆ ಸಿಟ್ಟು ಬಂದಿರಲಿಲ್ಲ ದೊಡ್ಡಮ್ಮ, ಮುಖ ಅರಳಿತ್ತು. ಹೆದರಿಕೆಯಲ್ಲಿ ನನಗೆ ಅದು ಕಾಣಲಿಲ್ಲ. ನಾನೇ ಬರೆದದ್ದು ಎಂದ ಮೇಲೆ "ಓ, ಕಥೆನಾ" ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಬಾಗಿಲ ಹತ್ತಿರ ನಿಂತು, "ಪ್ರತಿ ಸಲಾನೂ ದಪ್ಪದ್ದೇ ಆರಿಸಿ ಕೊಡ್ತಿದ್ದೆ ಕಣವ್ವ" ಎಂದರು. ನಾಡಿದ್ದು ನಿನ್ನ ಹರಕೆಯ ಶನಿವಾರ. ಅವರು ಕಾಯಿ ಕೊಡಲು ಬಂದಾಗ ಅದು ಕಥೆಯಲ್ಲ ಎಂದು ನೀನೇ ಹೇಳು. ನಾನು ಹೇಳಿದರೆ ಇನ್ನು ಅವರು ನಂಬುವುದಿಲ್ಲ.