ಸೇತುವೆಯ ಈಚೆ ಬದಿ

ಮೆಕ್ಸಿಕನ್ ಹ್ಯಾಟ್, ಯೂಟಾ
ಅಕ್ಟೋಬರ್ 11, 2011

ತಮ್ಮಾ ಡೆಲ್ಬರ್ಟ್,

ಹೇಗಿದ್ದೀಯ? ವೆಲ್ಡಿಂಗಿನಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಕೇಳಬೇಕಲ್ಲ, ಕೇಳಿದ್ದೇನೆ. ಇಲ್ಲಿ ಕುರಿಗಳೂ ನಾನೂ ಕ್ಷೇಮ. ಇನ್ನು ಬೈಯುತ್ತೇನೆ, ಕೂತುಕೊಂಡು ಓದು.

ಶನಿವಾರ ಅಮ್ಮ ಮಖಮಲ್ಲಿನ ರವಿಕೆ ತೊಟ್ಟು, ಹಸಿರುಕಲ್ಲಿನ ಸರ ಹಾಕಿಕೊಂಡು, ಪ್ರಾರ್ಥನೆಗೆ ಚೆಲ್ಲುವ ಮೆಕ್ಕೆಜೋಳದ ಪರಾಗದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಸೇತುವೆಗೆ ಹೊರಡಲು ನಿನ್ನ ದಾರಿ ಕಾಯುತ್ತ ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ಕೂತಳು. ಹತ್ತಕ್ಕೆ ನೀನು ಫೋನಿನಲ್ಲಿ ಹೇಳಿದ್ದೇನು? "ಅಕ್ಕಾ, ಈ ವಾರನೂ ಆಗಲ್ಲ. ನೀನೇ ಕರ್ಕೊಂಡು ಹೋಗು. ಎಷ್ಟಂದ್ರೂ ಅದು ಕಲ್ಲು ತಾನೇ, ಎಲ್ಲಿಗೂ ಓಡಿಹೋಗಲ್ಲ." ಇದು ಮೂರನೆಯ ಸಲ! ಕಲ್ಲು ಕಾಯುತ್ತದೆ, ಅಮ್ಮನ ಕಣ್ಣು ಕಾಯುತ್ತದೆಯೇ? "ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಅದರಡಿ ದಾಟಿಸ್ರೋ" ಎಂದು ಬೇಸಿಗೆಯಿಂದ ಬೇಡುತ್ತಿದ್ದಾಳೆ. ಪ್ರಾರ್ಥನೆ ಹೇಳದೆ, ನೀರು ಕೊರೆದು ನಿಲ್ಲಿಸಿದ ಆ ಕಲ್ಲಿನ ಸೇತುವೆಯ ಕೆಳಗೆ ನಮ್ಮ ಬುಡಕಟ್ಟಿನವರು ಕಾಲಿಡುವಂತಿಲ್ಲ. ಅದನ್ನು ಸೋದರಮಾವ ಕಲಿಸಿ ಹೋದದ್ದು ನಿನ್ನೊಬ್ಬನಿಗೆ. ಹೊರಗೆ ನಿಂತು ಕದ್ದು ಕೇಳಿದ್ದಕ್ಕೆ ನಾನು ಬೈಸಿಕೊಂಡೆ. ನೀನು ಒಳಗೆ ಕೂತು ತೂಕಡಿಸುತ್ತಿದ್ದೆ.

ಕೊನೆಗೆ ನಾನೇ ಪಿಕಪ್ಪಿನಲ್ಲಿ ಕರೆದೊಯ್ದೆ. ಕಣಿವೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕೈಹಿಡಿದು ಇಳಿಸಿದೆ. ಇನ್ನು ಹತ್ತು ಮಾರು ಎಂದೆ, ಅಲ್ಲೇ ಕೂತುಬಿಟ್ಟಳು. ಪ್ರವಾಸಿಗರು ಸೇತುವೆಯಡಿ ನಿಂತು ಕೂಗಿ, ಪ್ರತಿಧ್ವನಿ ಕೇಳಿ ನಗುತ್ತಿದ್ದರು. ಕೆಂಪು ಟೋಪಿಯವನೊಬ್ಬ "ಬನ್ನಿ ಅಜ್ಜಿ, ಮೇಲೆ ಬೀಳಲ್ಲ ಅದು!" ಎಂದ. ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ಅವನಿಗೆ ಯಾರೂ ಕಲಿಸಿಲ್ಲ. ನಿನಗೆ ಕಲಿಸಿದ್ದರಲ್ಲೋ! ಎರಡು ಗಂಟೆ ಬಿಸಿಲಲ್ಲಿ ಕೂತವಳು, ಏಳುವಾಗ ನಿನ್ನ ಪರವಾಗಿಯೇ ಮಾತಾಡಿದಳು: "ಪಾಪ, ಎಷ್ಟು ಕೆಲಸವೋ ಏನೋ. ಬರ್ತಾನೆ ಬಿಡು." ಹೆತ್ತವರಿಗೆ ಹೆಗ್ಗಣ ಮುದ್ದು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಕುರಿಮಾಂಸ ಹಾಗೇ ವಾಪಸು ಬಂತು.

ಅಮ್ಮನ ಆಶೀರ್ವಾದವಂತೆ. ಅವಳು ಹೇಳಿದಳೆಂದು ಬರೆದಿದ್ದೇನೆ, ನನ್ನದು ಸೇರಿಸಿಲ್ಲ.

ನಿನ್ನಕ್ಕ,
ಅರ್ಡಿತ್

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅಂಚೆಯವನು ಬರುವ ಹೊತ್ತಾಯಿತು, ಬರೆದುಬಿಡುತ್ತೇನೆ. ಅಲ್ಲಿಂದ ವಾಪಸು ಹೊರಡುವ ಮುಂಚೆ ಅಮ್ಮ ನಮ್ಮವರ ರೂಢಿಯಂತೆ ಬೆರಳೆತ್ತದೆ, ತುಟಿ ಚಾಚಿ ತೋರಿಸಿ "ನೋಡೇ, ಎಷ್ಟು ಚಂದ ಬಾಗಿ ನಿಂತಿದೆ" ಎಂದಳು. ಅವಳು ತೋರಿಸಿದ ಕಡೆ ಬರೀ ಬೋಳು ಬಂಡೆ. ಸೇತುವೆ ಇದ್ದದ್ದು ಎಡಕ್ಕೆ. ನಾನು "ಹೂಂನಮ್ಮಾ" ಎಂದೆ. ಕಣ್ಣು ಹೋಗಿದೆ ಕಣೋ, ನಮ್ಮಿಬ್ಬರಿಗೂ ಹೇಳಿಲ್ಲ. ಕಿವಿ ಇನ್ನೂ ಚೆನ್ನಾಗಿದೆ. ಬಂದು ಪ್ರಾರ್ಥನೆ ಹೇಳು.